ಹತ್ತು ಕೋಟಿಯ ಸ್ಲೈಡು

ದೇವನಹಳ್ಳಿ ಕಡೆಯ ಒಂದು ಹೋಟೆಲಿನಲ್ಲಿ ಹೋದ ವರ್ಷ ಎರಡು ದಿನ ಕೂತು ಹದಿನೇಳು ಭಾಷಣ ಕೇಳಿದೆ. ಎಲ್ಲವೂ ಜೀವವೈದ್ಯಕೀಯ ಸಂಶೋಧನೆಯವು, ಮಾತಾಡಿದವರೆಲ್ಲ ಮೂವತ್ತರ ಆಸುಪಾಸಿನವರು. ಕರೆದವರು ಪರಿಚಯದವರು, ಊಟವೂ ಚೆನ್ನಾಗಿತ್ತು. ಆದರೂ ದೊಡ್ಡಬಳ್ಳಾಪುರಕ್ಕೆ ವಾಪಸು ಬರುವ ಬಸ್ಸಿನಲ್ಲಿ ತಲೆಯಲ್ಲಿ ಉಳಿದದ್ದು ಒಂದೇ ಒಂದು ಪ್ರಶ್ನೆ. ಕೇಳಿದವಳು ನಮ್ಮ ತಾಲ್ಲೂಕಿನ ಹುಡುಗಿ, ಎಂಎಸ್ಸಿ ಮುಗಿಸಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ, ಪಿಎಚ್‌ಡಿಗೆ ಜಾಗ ಹುಡುಕುತ್ತಿದ್ದಾಳೆ. ಮಧುಮೇಹದ ಮೇಲಿನ ಭಾಷಣ ಮುಗಿದದ್ದೇ ಎದ್ದು ನಿಂತು, ಇಂಗ್ಲಿಷಿನಲ್ಲಿ ಶುರುಮಾಡಿ ಅರ್ಧಕ್ಕೆ ಕನ್ನಡಕ್ಕೆ ಜಾರಿ, ‘ಸರ್, ಮೊದಲನೇ ಸ್ಲೈಡಲ್ಲಿ ಇದ್ದ ಹತ್ತು ಕೋಟಿ ಜನ ಆಮೇಲೆ ಎಲ್ಲಿ ಹೋದ್ರು?’ ಅಂದಳು. ಸಭೆ ನಕ್ಕಿತು. ಅಧ್ಯಕ್ಷತೆ ವಹಿಸಿದವರು ಗಡಿಯಾರ ನೋಡಿ, ‘ಕಾಫಿ ಟೈಮಲ್ಲಿ ಮಾತಾಡೋಣಮ್ಮ’ ಅಂದರು.

ಆ ಕಾಫಿ ಟೈಮಿಗೆ ಕಾರ್ಯಕ್ರಮ ಪಟ್ಟಿಯಲ್ಲಿ ಬೇರೆಯೇ ಹೆಸರಿತ್ತು: ನೆಟ್‌ವರ್ಕಿಂಗ್ ಸೆಷನ್.

ಇಂಥ ಸಭೆಗಳಿಗೆ ಈಗ ಭಾರಿ ಹೆಸರು. ಇವುಗಳ ಮೂಲ, ಯುವ ಜೀವವಿಜ್ಞಾನಿಗಳಿಗಾಗಿ 2009ರಲ್ಲಿ ಶುರುವಾದ ಯಂಗ್ ಇನ್ವೆಸ್ಟಿಗೇಟರ್ಸ್ ಮೀಟಿಂಗ್ ಎಂಬ ಸಭೆ; ಅದರ ಜೊತೆಗೇ ಇಂಡಿಯಾ ಬಯೋಸೈನ್ಸ್ ಎಂಬ ಸಂಸ್ಥೆ ಬೆಳೆಯಿತು, ಆಸರೆಯಾದದ್ದು ಬೆಂಗಳೂರಿನ ಜಿಕೆವಿಕೆ ಆವರಣದ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್, ಹಿಂದೆ ನಿಂತವರು ಕ್ಯಾಲಿಫೋರ್ನಿಯಾದ ಜೀವವಿಜ್ಞಾನಿ ರಾನ್ ವೇಲ್. ಹೊಸದಾಗಿ ಲ್ಯಾಬು ಕಟ್ಟುತ್ತಿದ್ದವರನ್ನು, ಕೆಲಸ ಹುಡುಕುವ ಪೋಸ್ಟ್‌ಡಾಕ್‌ಗಳನ್ನು, ಸಂಸ್ಥೆಗಳ ನಿರ್ದೇಶಕರನ್ನು, ಅನುದಾನ ಕೊಡುವವರನ್ನು ಒಂದೇ ಸೂರಿನಡಿ ತಂದದ್ದು ಉಪಕಾರವೇ. ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಅದನ್ನು ನೋಡಿ ಇಲ್ಲಿ ಹುಟ್ಟಿದ ಮರಿಸಭೆಗಳ ಮೇಲೆ. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ, ದ್ರಾಕ್ಷಿ ಚಕ್ಕೋತ ಬೆಳೆಯುತ್ತಿದ್ದ ಸೀಮೆಯಲ್ಲಿ ಹೋಟೆಲು ರೆಸಾರ್ಟುಗಳೆದ್ದವು. ದೆಹಲಿಯ ಪ್ರೊಫೆಸರು ಊರೊಳಗೆ ಕಾಲಿಡದೆ ಭಾಷಣ ಮುಗಿಸಿ ಸಂಜೆಯ ವಿಮಾನ ಹತ್ತಬಹುದು. ಮೂಲದ ಸಭೆಗಿದ್ದ ಗುರಿ ಬಿಟ್ಟುಹೋಗಿ ಅದರ ವೇಷ ಮಾತ್ರ ಇಲ್ಲಿಗೆ ಬಂದಿದೆ. ಆ ವೇಷವನ್ನೇ ನಮ್ಮ ಕಾಲೇಜುಗಳು ‘ಕರಿಯರ್’ ಎಂದು ನಂಬಿ ಮಕ್ಕಳನ್ನು ವ್ಯಾನಿನಲ್ಲಿ ತುಂಬಿ ಕಳಿಸುತ್ತಿವೆ.

ಭಾಷಣದ ಅಚ್ಚು ನೋಡಿ. ಮೊದಲು ರೋಗದ ಅಂಕಿ. ಆಮೇಲೆ ‘ಇದು ಇನ್ನೂ ಅರ್ಥವಾಗಿಲ್ಲ’ ಎಂಬ ಮಾತು. ಆಮೇಲೆ ಇಲಿ. ಆಮೇಲೆ ಬಾಣದ ಗುರುತುಗಳ ಚಿತ್ರ. ಕೊನೆಗೆ ಲ್ಯಾಬಿನವರೆಲ್ಲ ಬೆಟ್ಟದ ಮೇಲೆ ನಿಂತ ಫೋಟೋ, ಕೃತಜ್ಞತೆ. ಹದಿನೇಳರಲ್ಲಿ ಹದಿನಾಲ್ಕು ಭಾಷಣ ಈ ಅಚ್ಚಿನಲ್ಲೇ ಎರಕ ಹೊಯ್ದವು. ಬಾಣವನ್ನೂ ಬೆಟ್ಟವನ್ನೂ ಬಿಡೋಣ. ಮೊದಲನೇ ಸ್ಲೈಡಿನ ಮುಂದೆ ಸ್ವಲ್ಪ ನಿಲ್ಲೋಣ, ಏಕೆಂದರೆ ಎಲ್ಲ ಮೋಸ ಅಲ್ಲೇ ಆಗುತ್ತದೆ.

ನಮ್ಮ ಹುಡುಗಿ ಕೇಳಿದ ಹತ್ತು ಕೋಟಿ ಎಲ್ಲಿಂದ ಬಂತು? ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಮಧುಮೇಹ ಸಮೀಕ್ಷೆಯಿಂದ. 2023ರಲ್ಲಿ ಲ್ಯಾನ್ಸೆಟ್ ಬಳಗದ ಮಧುಮೇಹ ಪತ್ರಿಕೆಯಲ್ಲಿ ಅಚ್ಚಾಯಿತು: ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, ಮಧುಮೇಹದ ಹೊಸ್ತಿಲಲ್ಲಿ ಇನ್ನೂ 13.6 ಕೋಟಿ. ಈ ಅಂಕಿ ಕಟ್ಟಲು 2008ರಿಂದ 2020ರವರೆಗೆ ಹನ್ನೆರಡು ವರ್ಷ ಹಿಡಿಯಿತು. ಪರೀಕ್ಷೆಗೆ ಕೂತವರು 1,13,043 ಜನ. ಅವರಲ್ಲಿ 79,506 ಮಂದಿ ಹಳ್ಳಿಯವರು. ಅಂದರೆ ಆ ಸಂಖ್ಯೆ ಹುಟ್ಟಿದ್ದೇ ಹೆಚ್ಚಾಗಿ ಹಳ್ಳಿ ಮನೆಗಳಲ್ಲಿ. ಬೆಳಿಗ್ಗೆ ಏನೂ ತಿನ್ನದೆ ಕೂತು ಕೈ ಚಾಚಿದವರಿಂದ. ನನ್ನ ಮಟ್ಟಿಗೆ ಈಚಿನ ಭಾರತೀಯ ವೈದ್ಯವಿಜ್ಞಾನದ ಅತಿ ಶ್ರಮದ ವಾಕ್ಯಗಳಲ್ಲಿ ಅದೂ ಒಂದು. ಹೋಟೆಲಿನ ಪರದೆಯ ಮೇಲೆ ಅದು ಇದ್ದದ್ದು ಆರು ಸೆಕೆಂಡು. ಭಾರತದ ನಕ್ಷೆ, ಕೆಂಪು ಬಣ್ಣ, ದಪ್ಪ ಅಕ್ಷರದ ಅಂಕಿ, ಕ್ಲಿಕ್. ಮುಂದಿನ ಸ್ಲೈಡಿನಲ್ಲಿ ಇಲಿಯ ಯಕೃತ್ತಿನ ಒಂದು ಪ್ರೋಟೀನು. ಇಪ್ಪತ್ತು ನಿಮಿಷದ ಭಾಷಣದಲ್ಲಿ ಹತ್ತು ಕೋಟಿ ಮತ್ತೆ ಬರಲಿಲ್ಲ, ಮುಕ್ತಾಯದಲ್ಲೂ ಇಲ್ಲ.

ಇಲಿಯ ಮೇಲೆ ಕೆಲಸ ಮಾಡುವುದು ತಪ್ಪೇ? ಖಂಡಿತ ಅಲ್ಲ. ಪ್ರೋಟೀನು ಪ್ರೋಟೀನಾಗಿಯೇ ಕುತೂಹಲದ ವಸ್ತು; ಅದು ಜೀವಕೋಶದಲ್ಲಿ ಏನು ಮಾಡುತ್ತದೆ ಎಂದು ತಿಳಿಯಬೇಕೆನ್ನುವ ಆಸೆಗೆ ಯಾರ ಅಪ್ಪಣೆಯೂ ಬೇಡ. ಹಾಗಿದ್ದರೆ ಹಾಗೇ ಹೇಳಬಾರದೇ? ರೋಗಿಯನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಬೇರೆ ವ್ಯವಹಾರ ಮಾಡುವುದೇಕೆ? ಆ ಭಾಷಣಕಾರನಿಗೆ ಹತ್ತು ಕೋಟಿ ಬೇಕಾದದ್ದು ವಿಷಯಕ್ಕಲ್ಲ, ಅನುದಾನದ ಸಮಿತಿಯಲ್ಲಿ ಕೂರುವವರು ಮುಂದಿನ ಸಾಲಿನಲ್ಲಿದ್ದುದಕ್ಕೆ. ಭಾಷಣ ಅರ್ಜಿಯಾಗಿತ್ತು.

ಎರಡನೇ ಸ್ಲೈಡಿನ ಮಾತು ಇದಕ್ಕಿಂತ ಜಾಣತನದ್ದು. ಈ ಪ್ರೋಟೀನಿನ ಪಾತ್ರ ‘ಪೂರ್ಲಿ ಅಂಡರ್‌ಸ್ಟುಡ್’ ಎಂದಿತ್ತು. ಇಂಗ್ಲಿಷಿನಲ್ಲಿ ಈ ಮಾತಿಗೆ ಯಜಮಾನನಿಲ್ಲ, ಹೇಳಿ ಜಾರಿಕೊಳ್ಳಬಹುದು. ಕನ್ನಡದಲ್ಲಿ ಹೇಳಿ ನೋಡಿ. ‘ಸರಿಯಾಗಿ ಅರ್ಥವಾಗಿಲ್ಲ’ ಅಂದ ಕೂಡಲೆ ಎದುರಿನವನ ಬಾಯಿಂದ ‘ಯಾರಿಗೆ?’ ಬರುತ್ತದೆ. ನಮ್ಮ ಚತುರ್ಥಿ ವಿಭಕ್ತಿ ಸುಮ್ಮನೆ ಬಿಡುವುದಿಲ್ಲ. ನನಗೆ ಅರ್ಥವಾಗಿಲ್ಲವೇ, ನನ್ನ ಗೈಡಿಗೇ, ಹೊರದೇಶದ ಎರಡು ಲ್ಯಾಬುಗಳಿಗೇ? ಅಥವಾ ನೆಲಮಂಗಲದ ಡಾಕ್ಟರಿಗೆ ಅರ್ಥವಾಗದೆ ಅವರ ರೋಗಿ ಸಂಕಟಪಡುತ್ತಿದ್ದಾನೆಯೇ? ‘ಯಾರಿಗೆ’ ಎಂಬುದಕ್ಕೆ ಉತ್ತರ ಕೊಡುವಾಗಲೇ ಭಾಷಣದ ಪಾಯ ಎಷ್ಟು ಗಟ್ಟಿ ಎನ್ನುವುದು ಬಯಲಾಗುತ್ತದೆ. ನಾನು ಕೇಳಿದ ಹದಿನೇಳರಲ್ಲಿ ಒಬ್ಬಳು ಮಾತ್ರ, ಕ್ಷಯದ ಮೇಲೆ ಕೆಲಸ ಮಾಡುವವಳು, ‘ಇದು ನಮ್ಮ ಲ್ಯಾಬಿಗೆ ಅರ್ಥವಾಗಿಲ್ಲ, ಬೇರೆಯವರಿಗೆ ಆಗಿರಬಹುದು’ ಅಂದಳು. ಅವಳ ಭಾಷಣಕ್ಕೆ ಬಹುಮಾನ ಬರಲಿಲ್ಲ.

ಈಗ ಮೂರು ನಿಮಿಷದ ಭಾಷಣ ಎಂಬ ಪದ್ಧತಿಯೂ ಬಂದಿದೆ. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು: ಇಡೀ ಪಿಎಚ್‌ಡಿ, ಒಂದೇ ಸ್ಲೈಡು. ಮೂರರಲ್ಲಿ ಒಂದು ನಿಮಿಷವನ್ನು ಹತ್ತು ಕೋಟಿಯೇ ನುಂಗಿದರೆ ಉಳಿಯುವುದೆಷ್ಟು, ನೀವೇ ಲೆಕ್ಕ ಹಾಕಿ.

ಇನ್ನು ಕಾಫಿಗೆ ಬರೋಣ. ನೆಟ್‌ವರ್ಕಿಂಗ್ ಎಂಬುದಕ್ಕೆ ಕನ್ನಡ ಪದವಿಲ್ಲ ಎಂದು ಸಭೆಯಲ್ಲೊಬ್ಬರು ನಗುತ್ತಾ ಅಂದರು. ಇದೆ ಸ್ವಾಮಿ: ವಶೀಲಿ. ಅದು ಬೈಗುಳದಂತೆ ಕೇಳುತ್ತದೆಂದು ಇಂಗ್ಲಿಷ್ ಹೆಸರಿಟ್ಟುಕೊಂಡಿದ್ದೇವೆ, ಅಷ್ಟೆ. ಈ ಮಾತಿಗೆ ನೆಟ್‌ವರ್ಕಿಂಗಿನ ಬೆಂಬಲಿಗರು ಸಿಟ್ಟಾಗುತ್ತಾರೆ, ಸಿಟ್ಟಾದಾಗಲೆಲ್ಲ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್‌ನ ಹೆಸರು ಹೇಳುತ್ತಾರೆ. 1973ರ ಆತನ ಪ್ರಬಂಧ ಪ್ರಸಿದ್ಧ: ಕೆಲಸ ಕೊಡಿಸುವುದು ಆಪ್ತರಿಗಿಂತ ಹೆಚ್ಚಾಗಿ ದೂರದ ಪರಿಚಯದವರು. ಆದ್ದರಿಂದ ಕೈಕುಲುಕಿ, ಕಾರ್ಡು ಹಂಚಿ, ಲಿಂಕ್ಡ್‌ಇನ್‌ನಲ್ಲಿ ಸೇರಿಸಿ, ಎಂದು ಇವರ ಉಪದೇಶ. ಕರಿಯರ್ ಕಾರ್ಯಾಗಾರ ನಡೆಸುವವರಂತೂ ಇದನ್ನು ವೇದವಾಕ್ಯದಂತೆ ಪಠಿಸುತ್ತಾರೆ.

ಪ್ರಬಂಧವನ್ನು ಇವರು ಪೂರ್ತಿ ಓದಿದ್ದರೆ ಚೆನ್ನಾಗಿತ್ತು. ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದವರನ್ನು ಗ್ರಾನೊವೆಟರ್ ಕೇಳಿದ. ಸುದ್ದಿ ಮುಟ್ಟಿಸಿದ ಆ ದೂರದವರು ಯಾರು? ಎಷ್ಟೋ ಸಲ ಹಳೆಯ ಕಾಲೇಜು ಗೆಳೆಯ, ಹಿಂದೆ ಜೊತೆಗೆ ದುಡಿದ ಸಹೋದ್ಯೋಗಿ, ಹಳೆಯ ಮಾಲೀಕ. ಎಲ್ಲೋ ಅಕಸ್ಮಾತ್ತಾಗಿ ಮತ್ತೆ ಸಿಕ್ಕಿದವರು. ಹಿಂದೊಮ್ಮೆ ಒಟ್ಟಿಗೆ ಓದಿದ, ಕೆಲಸ ಮಾಡಿದ ಪರಿಚಯ ಅದು, ಕಾಲ ಕಳೆದು ತೆಳ್ಳಗಾದದ್ದು. ಹೋಟೆಲಿನಲ್ಲಿ ಸಮೋಸಾ ಕೈಯಲ್ಲಿ ಹಿಡಿದು ನಾಲ್ಕು ನಿಮಿಷ ನಿಂತದ್ದು ಆ ಲೆಕ್ಕಕ್ಕೆ ಹೇಗೆ ಬಂತು? ಒಂದೇ ಸೆಂಟ್ರಿಫ್ಯೂಜಿಗೆ ಸರದಿ ಕಾದವರಿಗೆ ಪರಸ್ಪರರ ಕೈಗುಣ ಗೊತ್ತಿರುತ್ತದೆ, ಹತ್ತು ವರ್ಷದ ಮೇಲೂ ಒಂದು ಫೋನು ಸಾಕು. ಕಾರ್ಡು ಹಂಚಿದವರಿಗೆ ಗೊತ್ತಿರುವುದು ಕಾರ್ಡು. ಹೀಗಾಗಿ ಕಾಫಿ ಸೆಷನ್ನಿನಿಂದ ಲಾಭವಾಗುವುದು ಮೊದಲೇ ಪರಿಚಯವಿದ್ದವರಿಗೆ, ಒಂದೇ ದೊಡ್ಡ ಸಂಸ್ಥೆಯಿಂದ ಬಂದವರಿಗೆ. ಅವರು ಅಲ್ಲಿ ಗುಂಪುಗೂಡಿ ನಗುತ್ತಿರುತ್ತಾರೆ. ನಮ್ಮ ಅತಿಥಿ ಉಪನ್ಯಾಸಕಿ ಲೋಟ ಹಿಡಿದು ಆ ಗುಂಪಿನ ಅಂಚಿನಲ್ಲಿ ಹನ್ನೆರಡು ನಿಮಿಷ ನಿಂತಳು. ನಾನು ಗಡಿಯಾರ ನೋಡುತ್ತಲೇ ಇದ್ದೆ. ಭಾಷಣಕಾರ ತಿರುಗಲಿಲ್ಲ. ಅವನದೂ ತಪ್ಪಲ್ಲ ಅನ್ನಿ, ಅವನೂ ಯಾರದೋ ಅಂಚಿನಲ್ಲಿ ನಿಂತಿದ್ದ.

‘ಹಳ್ಳಿ ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್, ಸಾಫ್ಟ್ ಸ್ಕಿಲ್ ಕಲಿಸಿದರೆ ಸರಿಹೋಗುತ್ತದೆ’ ಅನ್ನುವವರಿದ್ದಾರೆ. ಅವಳ ಪ್ರಶ್ನೆಗೆ ಸಾಫ್ಟ್ ಸ್ಕಿಲ್ ಏನು ಮಾಡೀತು? ಬಹುಶಃ ಕೇಳದಿರುವುದನ್ನು ಕಲಿಸೀತು. ಇನ್ನೊಂದು ಪಕ್ಷ ಕನ್ನಡದ ಅಂಕಣಕಾರರದು: ಭಾಷಣ ಕನ್ನಡದಲ್ಲಾಗಲಿ, ಎಲ್ಲ ತೊಂದರೆ ತೀರುತ್ತದೆ. ಕನ್ನಡದಲ್ಲಾಗಲಿ, ನನಗೂ ಸಂತೋಷ. ಆದರೆ ಹತ್ತು ಕೋಟಿಯನ್ನು ಕನ್ನಡ ಅಂಕಿಯಲ್ಲಿ ಬರೆದು ಆರು ಸೆಕೆಂಡಿಗೆ ಅಳಿಸಿದರೆ ಅದೇ ಮೋಸ. ಸಂಸ್ಕೃತದ ಉದ್ದುದ್ದ ಪದಗಳನ್ನು ಪೋಣಿಸಿ ‘ಪಾರಿಭಾಷಿಕ’ ಎಂದು ಬೀಗುವುದು ಇನ್ನೂ ಬೇಸರದ್ದು. ಭಾಷೆ ಬೇಕಾಗಿರುವುದು ವೇದಿಕೆಯ ಮೇಲೆ ಮಾತ್ರವಲ್ಲ, ಸಭಿಕರ ಬಾಯಲ್ಲಿ. ‘ಯಾರಿಗೆ?’ ಎಂದು ತಡೆದು ಕೇಳುವ ಧೈರ್ಯ ಬರುವುದು ತಾಯ್ನುಡಿಯಲ್ಲಿ.

ಹಾಗೆ ತಡೆದು ಕೇಳಲು ಬಿಡುವ ಸಭೆಯೊಂದು ಬೆಂಗಳೂರಿನಲ್ಲಿ ಮೊದಲೇ ಇದೆ. ಅದನ್ನು ಕಟ್ಟಿದವರು ಗೌರಿಬಿದನೂರು ಹತ್ತಿರದ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದೇ ಹೋದ ವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯ. ಅವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರಕ್ಕೊಂದು ಉಪನ್ಯಾಸ ನಡೆಸುತ್ತ ಬಂದಿದೆ, ಬುಧವಾರದ ಸಂಜೆ. ಅದಕ್ಕೂ ಕುಂದುಗಳಿವೆ. ಹೆಚ್ಚಿನ ಉಪನ್ಯಾಸ ಇಂಗ್ಲಿಷಿನಲ್ಲೇ. ನಾನು ಹೋದಾಗ ಕಂಡವರಲ್ಲಿ ತಲೆ ನರೆತವರೇ ಹೆಚ್ಚು. ಅಲ್ಲಿ ಕೂತು ಯಾರಿಗೂ ಕೆಲಸ ಸಿಕ್ಕಿದ್ದನ್ನು ನಾನು ಕೇಳಿಲ್ಲ. ಆದರೆ ಅಲ್ಲಿ ಭಾಷಣಕಾರನಿಗೆ ಮುಂದಿನ ಸಾಲಿನಿಂದ ಬರಬೇಕಾದ್ದು ಏನೂ ಇಲ್ಲ. ಹಾಗಾಗಿ ಅಲಂಕಾರಕ್ಕೆ ರೋಗಿಗಳು ಬೇಕಾಗುವುದಿಲ್ಲ. ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರು ಎದ್ದು ‘ನನಗೆ ಅರ್ಥವಾಗಲಿಲ್ಲ’ ಅಂದರೆ ಭಾಷಣಕಾರ ಮತ್ತೆ ಬೋರ್ಡಿನ ಹತ್ತಿರ ಹೋಗಬೇಕು. ಈ ಅಭ್ಯಾಸವನ್ನು ನಮ್ಮ ವಿಜ್ಞಾನಿಗಳು ಹಳೆಯ ಕಾಲದ್ದೆಂದು ಮರೆತಿದ್ದಾರೆ, ಹೊಸ ಸಭೆಗಳನ್ನು ಹೊಗಳುವ ಲೇಖನಗಳಲ್ಲಿ ಇದರ ಹೆಸರೇ ಬರುವುದಿಲ್ಲ.

ಅಂಥ ಸಭೆ ನಮ್ಮ ಜಿಲ್ಲೆಯಲ್ಲೂ ಆಗಬಾರದೆಂದೇನಿಲ್ಲ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ತಾಲ್ಲೂಕುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಐದು ವರ್ಷಕ್ಕೆ 30 ಗಂಟೆಯ ಕ್ರೆಡಿಟ್ ಆಗಬೇಕೆಂದು ಡಾಕ್ಟರುಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಸಿಎಂಇ, ಅಂದರೆ ಮುಂದುವರಿದ ವೈದ್ಯಶಿಕ್ಷಣದ ಭಾಷಣ ಕೇಳುತ್ತಾರೆ. ಆಕಳಿಸುತ್ತಲೇ ಕೇಳಬಹುದು, ಆದರೆ ಆ ಹತ್ತು ಕೋಟಿಯಲ್ಲಿ ಮೂವತ್ತು ಜನರನ್ನು ಅವರು ಬೆಳಗಿನ ಒಪಿಡಿಯಲ್ಲಿ ಮುಟ್ಟಿ ನೋಡಿಯೇ ಬಂದಿರುತ್ತಾರೆ. ಹೋಟೆಲಿನ ಸಭೆಗೆ ಅವರಲ್ಲಿ ಒಬ್ಬರನ್ನೂ ಕರೆದಿರಲಿಲ್ಲ.

ಮುಂದಿನ ಸಭೆಯನ್ನು ಈ ಕಡೆ ನಡೆಸುವವರಿಗೆ ನನ್ನದೊಂದು ಕೋರಿಕೆ. ಮೊದಲನೇ ಸ್ಲೈಡು ತೆಗೆಸಿ. ಭಾಷಣ ಹದಿನೈದು ನಿಮಿಷಕ್ಕಿಳಿಸಿ, ಪ್ರಶ್ನೆಗೆ ಹದಿನೈದು ಕೊಡಿ, ಕನ್ನಡದಲ್ಲಿ ಕೇಳಿದರೂ ಉತ್ತರ ಹೇಳಿಸಿ. ಮುಂದಿನ ಸಾಲಿನಲ್ಲಿ ಒಪಿಡಿಯ ಡಾಕ್ಟರೊಬ್ಬರನ್ನು ಕೂರಿಸಿ. ಕಾಫಿಯನ್ನು ಎಲ್ಲ ಮುಗಿದ ಮೇಲೆ ಇಡಿ, ಏಳು ಗಂಟೆಯ ದೊಡ್ಡಬಳ್ಳಾಪುರದ ಬಸ್ಸು ತಪ್ಪದಂತೆ.