ಹಾಸ್ಯದ ಚಿತ್ರಪುಸ್ತಕವೂ ಬಾಲಬೋಧೆಯೂ

ಎಳೆಯ ಮಕ್ಕಳ ಕೈಗೆ ಕೊಡುವ ಹಾಸ್ಯದ ಚಿತ್ರಪುಸ್ತಕವನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ನಮ್ಮ ಪಂಡಿತರು ಎಣಿಸಿದ್ದು ಅಪೂರ್ವ. ಅದನ್ನು ಪಾಠಕ್ಕೆ ಮುಂಚಿನ ಆಟವೆಂದು ಕೆಲವರೂ, ನೀತಿಯ ಕಹಿಗುಳಿಗೆಗೆ ಸವರಿದ ಬೆಲ್ಲವೆಂದು ಕೆಲವರೂ ಭಾವಿಸುತ್ತಾರೆ. ಈ ಎರಡೂ ಭಾವನೆಗಳು ತಪ್ಪೆಂಬುದೂ, ಹಾಸ್ಯಚಿತ್ರವನ್ನು ಶೋಧಿಸಿ ನೋಡಲು ಕಲಿತ ಮಗುವು ಕಾವ್ಯಾರ್ಥವನ್ನು ಶೋಧಿಸುವ ವಿದ್ಯೆಯ ಮೊದಲ ಮೆಟ್ಟಲನ್ನೇ ಏರಿರುತ್ತದೆಂಬುದೂ ಈ ಲೇಖನದ ಅಭಿಪ್ರಾಯ.

ವಿಚಾರವು ಬರಿಯ ಸಿದ್ಧಾಂತವಾಗಬಾರದೆಂದು ಒಂದು ಊರಿನ ಮಗುವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡವು ಮಾಲತೇಶಸ್ವಾಮಿಯ ಕ್ಷೇತ್ರ. ಅಲ್ಲಿ ಪ್ರತಿವರ್ಷವೂ ಮಹಾನವಮಿಯ ಕಾಲದಲ್ಲಿ ಗೊರವಪ್ಪನು ಎತ್ತರವಾದ ಬಿಲ್ಲನ್ನೇರಿ ಕಾರಣಿಕವನ್ನು ನುಡಿಯುತ್ತಾನೆ. 'ಸದ್ದಲೇ' ಎಂಬ ಒಂದು ಕೂಗಿಗೆ ಸಹಸ್ರಾರು ಜನರ ಗದ್ದಲ ಅಡಗುತ್ತದೆ. ಆಮೇಲೆ ಬರುವುದು ಒಂದೇ ಒಂದು ಒಗಟಿನಂಥ ವಾಕ್ಯ. ಅದರ ಅರ್ಥವನ್ನು ಗೊರವಪ್ಪನು ಬಿಡಿಸಿ ಹೇಳುವುದಿಲ್ಲ. ಮಳೆಯೆಂದು ಒಬ್ಬರು, ಬೆಳೆಯೆಂದು ಇನ್ನೊಬ್ಬರು, ರಾಜಕಾರಣವೆಂದು ಮತ್ತೊಬ್ಬರು, ಮನೆಗೆ ಮರಳುವ ದಾರಿಯುದ್ದಕ್ಕೂ ವ್ಯಾಖ್ಯಾನ ಮಾಡುತ್ತಾರೆ. ಆ ವ್ಯಾಖ್ಯಾನವನ್ನು ತಂದೆಯ ಹೆಗಲ ಮೇಲೆ ಕುಳಿತ ಮಗುವೂ ಕೇಳುತ್ತದೆ.

ಅದೇ ಮಗುವು ಗೊರವರ ವೇಷವನ್ನೂ ಕಂಡಿರುತ್ತದೆ: ಕಪ್ಪು ಕಂಬಳಿಯ ನಿಲುವಂಗಿ, ಕರಡಿಯ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರು, ಹಣೆಯಲ್ಲಿ ಭಂಡಾರ. ಗೊರವರು ಸ್ವಾಮಿಯ ನಾಯಿಗಳೆಂಬ ಭಾವದಿಂದ ಬೊಗಳುತ್ತ, ದೋಣಿಯಲ್ಲಿ ನೀಡಿದ್ದಕ್ಕೆ ಬಾಯಿ ಹಾಕುವುದನ್ನು ಕಂಡು ಮಗು ನಗುತ್ತದೆ, ಮರುಕ್ಷಣವೇ ಕೈಮುಗಿಯುತ್ತದೆ. ಹಾಸ್ಯಕ್ಕೆ ವಿಕೃತವೇಷಾದಿಗಳು ವಿಭಾವಗಳೆಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ. ಆದರೆ ಇಲ್ಲಿ ವೇಷದ ವಿಪರ್ಯಾಸವು ನಗೆಯಲ್ಲಿ ಮುಗಿಯದೆ ಭಕ್ತಿಯವರೆಗೆ ನಡೆಯುತ್ತದೆ. ನಗೆಯೂ ಗಾಂಭೀರ್ಯವೂ ಒಂದೇ ಅಂಗಳದಲ್ಲಿ ನಿಲ್ಲಬಹುದೆಂಬ ಅನುಭವ ಈ ಮಗುವಿಗೆ ಅಕ್ಷರಾಭ್ಯಾಸಕ್ಕೆ ಮೊದಲೇ ದೊರೆತಿದೆ. ಶಾಲೆಯು ಈ ಸಂಪತ್ತನ್ನು ಬಳಸಿಕೊಳ್ಳುವುದೋ ಹೊರಗೇ ಬಿಡುವುದೋ ಎಂಬುದೇ ಪ್ರಶ್ನೆ.

ಮಕ್ಕಳ ಚಿತ್ರಪುಸ್ತಕವು ಹುಟ್ಟಿದ್ದು ಬೋಧೆಗಾಗಿ. ೧೬೫೮ರಲ್ಲಿ ಕೊಮೇನಿಯಸನು ಪ್ರಕಟಿಸಿದ ಸಚಿತ್ರ ಲೋಕದರ್ಶನದಲ್ಲಿ ಚಿತ್ರದ ಕೆಲಸ ಪದಾರ್ಥವನ್ನು ತೋರಿಸುವುದು, ಮಾತಿನ ಕೆಲಸ ಅದನ್ನು ಹೆಸರಿಸುವುದು. ಎರಡೂ ಒಂದನ್ನೇ ಹೇಳುತ್ತವೆ. ೧೮೪೫ರಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಹಾಫ್‌ಮನ್ನನು ತನ್ನ ಮಗನಿಗಾಗಿ ತಾನೇ ಬರೆದು ಚಿತ್ರಿಸಿದ್ದ ಪುಸ್ತಕವು ಅಚ್ಚಾಯಿತು. ಕೂದಲನ್ನೂ ಉಗುರನ್ನೂ ಕತ್ತರಿಸಗೊಡದ ಹುಡುಗನೊಬ್ಬನು ಅದರಲ್ಲಿ ನಗೆಪಾಟಲಾಗಿ ನಿಂತಿದ್ದಾನೆ. ಅಲ್ಲಿ ನಗೆಯಿದೆ, ಆದರೆ ನಗೆಯ ಕೈಯಲ್ಲಿ ಬೆತ್ತವೂ ಇದೆ. ಕನ್ನಡದಲ್ಲಿಯಾದರೋ ಮಕ್ಕಳ ನಗೆಯು ಮೊದಲು ಕಿವಿಯ ಮೂಲಕವೇ ಬೆಳೆಯಿತು. ೧೯೨೧ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಪಂಜೆ ಮಂಗೇಶರಾಯರಾಗಲಿ, ಅವರ ತರುವಾಯ ಜಿ. ಪಿ. ರಾಜರತ್ನಂ ಅವರಾಗಲಿ ಪ್ರಾಸದಿಂದಲೂ ಲಯದಿಂದಲೂ ಮಕ್ಕಳನ್ನು ನಗಿಸಿದರು. ಮಾತಿಗೆ ಸಮನಾಗಿ ಚಿತ್ರವೂ ನಡೆಯುವ ಪುಸ್ತಕಗಳು ನಮ್ಮಲ್ಲಿ ಧಾರಾಳವಾಗಿ ದೊರೆತದ್ದು ಈಚೆಗೆ.

ಈಚಿನವುಗಳಲ್ಲಿ ಒಂದನ್ನು ಪರೀಕ್ಷಿಸೋಣ. ೨೦೦೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು ಪ್ರಕಟಿಸಿರುವ, ಶೃಂಗೇರಿ ಶ್ರೀನಿವಾಸನ ವರ್ಷಕ್ಕೊಮ್ಮೆಯ ಕ್ಷೌರದ ಕಥೆಯು ಅನೇಕ ಭಾರತೀಯ ಭಾಷೆಗಳಲ್ಲಿ ಪ್ರಚಾರಗೊಂಡಿದೆ. ಬರೆದವರು ರೋಹಿಣಿ ನಿಲೇಕಣಿ. ಶ್ರೀನಿವಾಸನ ಕೂದಲು ವಿಪರೀತ ನೀಳವಾಗಿದೆ, ಕತ್ತರಿಸಿರೆಂದು ಕ್ಷೌರಿಕನಿಂದ ತೊಡಗಿ ಒಬ್ಬರಾದ ಮೇಲೆ ಒಬ್ಬರನ್ನು ಬೇಡುತ್ತಾನೆ, ಯಾರಿಗೂ ಸಮಯವಿಲ್ಲ, ಕಡೆಗೆ ಕಥೆಯಲ್ಲಿ ಹುಲಿಯೊಂದು ಬಂದ ಮೇಲೆಯೇ ಅವನ ತೊಡಕು ತೀರುತ್ತದೆ. ಹಾಫ್‌ಮನ್ನನ ಹುಡುಗನಿಗೂ ಇವನಿಗೂ ಇರುವ ಅಂತರ ಗಮನಾರ್ಹ. ಆ ಹುಡುಗನನ್ನು ಕಂಡು ಮಗುವು ನಕ್ಕು ಹೇಸಬೇಕು. ಶ್ರೀನಿವಾಸನನ್ನು ಕಂಡು ನಕ್ಕು ಮರುಗುತ್ತದೆ. ಅಲ್ಲಿ ನೀಳಗೂದಲು ದೋಷ, ಇಲ್ಲಿ ಅದು ಬರಿಯ ಪೇಚು. ನೀತಿಯ ಭಾರವಿಲ್ಲದ ಈ ನಗೆಯೇ ಕಥೆಯ ದೊಡ್ಡ ಗುಣ. ಆದರೂ ಒಂದು ಮಿತಿಯನ್ನು ಹೇಳಲೇಬೇಕು. ಇದರ ಹಾಸ್ಯ ಪ್ರಧಾನವಾಗಿ ಮಾತಿನಲ್ಲಿದೆ. ಒಂದೇ ಬೇಡಿಕೆ ಮರಳಿ ಮರಳಿ ಬರುವುದರಿಂದ ಪುಸ್ತಕವನ್ನು ಮುಚ್ಚಿಟ್ಟು ಹೇಳಿದರೂ ಮಕ್ಕಳು ನಗುವರು. ಚಿತ್ರವು ನಗೆಯನ್ನು ಹಿಗ್ಗಿಸುತ್ತದೆ, ಹುಟ್ಟಿಸುವುದಿಲ್ಲ.

ಇದಕ್ಕೆ ಪ್ರತಿಯಾದ ಜಾತಿಗೆ ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಎಂಬಾಕೆ ೧೯೬೮ರಲ್ಲಿ ಪ್ರಕಟಿಸಿದ, ರೋಸಿ ಎಂಬ ಹೇಂಟೆಯ ವಿಹಾರದ ಪುಸ್ತಕವು ಉದಾಹರಣೆ. ಇಡೀ ಪುಸ್ತಕದಲ್ಲಿ ಇರುವುದು ೩೨ ಇಂಗ್ಲಿಷ್ ಪದಗಳ ಒಂದೇ ವಾಕ್ಯ. ಹೇಂಟೆಯು ಅಂಗಳವನ್ನು ದಾಟಿ, ಕೊಳವನ್ನು ಸುತ್ತಿ, ಬಣವೆಯನ್ನು ಹತ್ತಿಳಿದು, ಗಿರಣಿಯ ಪಕ್ಕದಿಂದ ನಡೆದು ಊಟದ ಹೊತ್ತಿಗೆ ಮನೆ ಸೇರಿತೆಂಬುದು ಅದರ ತಾತ್ಪರ್ಯ. ಚಿತ್ರದಲ್ಲಾದರೋ ಮೊದಲ ಹೆಜ್ಜೆಯಿಂದಲೂ ನರಿಯೊಂದು ಬೆನ್ನು ಹತ್ತಿದೆ. ಅದು ನೀರಿಗೆ ಬೀಳುತ್ತದೆ, ಬಣವೆಯಲ್ಲಿ ಹೂಳುತ್ತದೆ, ಹಿಟ್ಟಿನಲ್ಲಿ ಮೀಯುತ್ತದೆ, ಕಡೆಗೆ ಜೇನುಹುಳುಗಳಿಂದ ಅಟ್ಟಿಸಿಕೊಂಡು ಓಡುತ್ತದೆ. ಮಾತಿನಲ್ಲಿ ನರಿಯ ಹೆಸರೇ ಇಲ್ಲ. ಮಾತನ್ನಷ್ಟೇ ಓದಿದರೆ ನಗೆಯಿಲ್ಲ. ಚಿತ್ರವನ್ನಷ್ಟೇ ನೋಡಿದರೆ ಮಾತಿನ ಮುಗ್ಧಗಾಂಭೀರ್ಯವು ತಪ್ಪಿಹೋಗುತ್ತದೆ. ನುಡಿದುದಕ್ಕೂ ಕಂಡುದಕ್ಕೂ ನಡುವಿನ ಅಂತರದಲ್ಲಿಯೇ ಹಾಸ್ಯ ನೆಲಸಿದೆ. ವಾಚ್ಯವನ್ನು ಮೀರಿದ ಅರ್ಥವೇ ಕಾವ್ಯದ ಜೀವವೆಂದು ನಾವು ಪ್ರೌಢರಿಗೆ ಬೋಧಿಸುವ ತತ್ತ್ವದ ಶಿಶುರೂಪ ಇದು.

ಈ ಎರಡು ಜಾತಿಗಳಿಗೆ ಪಾಠಕ್ರಮವೂ ಎರಡಾಗಬೇಕು. ಮೊದಲನೆಯದನ್ನು ಕಿವಿಗೆ ಮೊದಲು ಕೊಡಬೇಕು. ಮೂರನೆಯ ನಿರಾಕರಣೆಯ ಹೊತ್ತಿಗೆ ಉಪಾಧ್ಯಾಯನು ತಡೆದು ನಿಂತರೆ ಸಾಕು, ಉತ್ತರವನ್ನು ಮಕ್ಕಳೇ ಕೂಗುತ್ತಾರೆ. ಎರಡನೆಯದನ್ನು ಕಣ್ಣಿಗೆ ಮೊದಲು ಕೊಡಬೇಕು. ಪುಟವನ್ನು ತೆರೆದು ಮೌನವಾಗಿ ಹಿಡಿಯಬೇಕು. ಆ ಮೌನ ಬೋಧಕನಿಗೆ ದುಸ್ಸಹ. ಮಗುವಿಗೆ ಅದೇ ಅವಕಾಶ. "ಸರ, ಹಿಂದ ನರಿ ಬಂದೈತ್ರಿ!" ಎಂಬ ಕೂಗು ಮಗುವಿನ ಬಾಯಿಂದ ತಾನಾಗಿ ಹೊರಡಬೇಕು. ಉಪಾಧ್ಯಾಯನೇ ಮುಂಚಿತವಾಗಿ ನರಿಯ ಮೇಲೆ ಬೆರಳಿಟ್ಟನೋ, ಪುಸ್ತಕ ಅಲ್ಲಿಗೇ ಮುಗಿಯಿತು. ಕೂಗಿನ ಮಾತು ಊರಿನದಾಗಿದ್ದರೆ ಅದನ್ನು ಆ ಕ್ಷಣದಲ್ಲಿ ತಿದ್ದಲೂ ಕೂಡದು. ಕಂಡ ಸಂತೋಷಕ್ಕೆ ವ್ಯಾಕರಣದ ತಡೆ ಹಾಕಿದರೆ ಮಗುವು ಮತ್ತೆ ಬಾಯಿ ತೆರೆಯದು.

ಮೊದಲ ಪ್ರಶ್ನೆ 'ಏನು ಕಾಣುತ್ತದೆ?' ಎಂಬುದಾಗಿರಬೇಕು, 'ಏಕೆ?' ಎಂಬುದು ಆಮೇಲೆ. ಮುಂದಿನ ಪುಟಕ್ಕೆ ಮೊದಲು 'ಇನ್ನೇನಾದೀತು?' ಎಂದು ಕೇಳಬೇಕು. ಕಡೆಯಲ್ಲಿ ಪುಟಗಳನ್ನು ಹಿಂದಕ್ಕೆ ತಿರುವಬೇಕು. ನರಿಯ ಸಂಗತಿ ಹೇಂಟೆಗೆ ತಿಳಿದಿತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಪುಸ್ತಕವು ಉತ್ತರ ಕೊಡುವುದಿಲ್ಲ. ಗಿರಣಿಯ ಬಳಿ ಅದರ ಕಾಲಿಗೆ ದಾರವೊಂದು ಸಿಕ್ಕಿರುವುದನ್ನು ತೋರಿಸಿ ಒಂದು ಮಗು ಒಂದು ಪಕ್ಷವನ್ನು ಹಿಡಿಯಬಹುದು. ಹಿಂದಿರುಗಿ ನೋಡದ ಕತ್ತನ್ನು ತೋರಿಸಿ ಇನ್ನೊಂದು ಮಗು ಪ್ರತಿಪಕ್ಷವನ್ನು ಹಿಡಿಯಬಹುದು. ಪ್ರಮಾಣವನ್ನು ಪುಟದಿಂದಲೇ ತೆಗೆದು ವಾದಿಸುವುದನ್ನು ಮಕ್ಕಳು ಹೀಗೆ ಕಲಿಯುತ್ತಾರೆ. ದೇವರಗುಡ್ಡದ ಹಿರಿಯರು ಕಾರಣಿಕದ ಒಂದು ವಾಕ್ಯವನ್ನು ಹಿಡಿದು ನಡೆಸುವ ಚರ್ಚೆಗೂ ಇದಕ್ಕೂ ಜಾತಿಭೇದವಿಲ್ಲ. ಮಗುವಿನ ಲೋಕದಲ್ಲಿ ಇಲ್ಲದ ವಸ್ತುವನ್ನು, ಗಾಳಿಯಿಂದ ತಿರುಗುವ ಗಿರಣಿಯಂಥದನ್ನು, ಬೋಧಕನು ಹೇಳಿಕೊಡತಕ್ಕದ್ದೇ. ವಸ್ತುವನ್ನು ವಿವರಿಸಬಹುದು, ನಗೆಯನ್ನು ವಿವರಿಸಬಾರದು.

ಇದರಿಂದ ಶಿಸ್ತು ಕೆಡುವುದೆಂದು ಆಕ್ಷೇಪಿಸುವವರುಂಟು. ಸಾವಿರಾರು ಜನರು ಒಂದು ಕೂಗಿಗೆ ಮೌನವಾಗುವುದನ್ನು ಕಂಡ ಮಗುವಿಗೆ ಮೌನದ ಬೆಲೆಯನ್ನು ಬೆತ್ತದಿಂದ ಕಲಿಸಬೇಕಾಗಿಲ್ಲ. ಕೇಳತಕ್ಕ ಮಾತು ಬರುವುದೆಂಬ ನಂಬಿಕೆಯೇ ಆ ಮೌನಕ್ಕೆ ಕಾರಣ. ನೋಡತಕ್ಕ ಪುಟ ಬರುವುದೆಂಬ ನಂಬಿಕೆಯಿದ್ದರೆ ತರಗತಿಯೂ ಮೌನವಾದೀತು. ಇದಕ್ಕಿಂತ ಬಲವಾದ ಆಕ್ಷೇಪವು ಇನ್ನೊಂದಿದೆ: ನಲವತ್ತು ಮಕ್ಕಳಿಗೆ ಒಂದೇ ಪುಸ್ತಕವಿದ್ದರೆ ದಾರದ ಎಳೆಯನ್ನು ಹಿಂದಿನ ಸಾಲು ಕಾಣುವುದೆಂತು? ಇದು ನಿಜವಾದ ತೊಡಕು. ಹಾಸ್ಯದ ಚಿತ್ರಪುಸ್ತಕವನ್ನು ಐದಾರು ಮಕ್ಕಳ ಗುಂಪಿಗೆ ಸರದಿಯಂತೆ ತೋರಿಸದೆ ಗತ್ಯಂತರವಿಲ್ಲ. ಪುಸ್ತಕವನ್ನು ಬೀರುವಿನಲ್ಲಿ ಬೀಗ ಹಾಕಿ ಕಾಪಾಡುವುದಕ್ಕಿಂತ ಮಕ್ಕಳ ಕೈಯಲ್ಲಿ ಸವೆಯಗೊಡುವುದು ಲೇಸು.

ಆದಕಾರಣ ಇಂಥ ಪುಸ್ತಕವನ್ನು ತೂಗುವಾಗ ವಿಮರ್ಶಕನು ಕೇಳಬೇಕಾದ ಪ್ರಶ್ನೆ, ನೀತಿಯೆಷ್ಟು ಎಂಬುದಲ್ಲ. ಮಗುವು ತಾನೇ ಕಂಡುಕೊಳ್ಳಲು ಎಷ್ಟನ್ನು ಉಳಿಸಿದೆ ಎಂಬುದು. ಬೋಧಕನನ್ನು ತೂಗುವಾಗಲೂ ಅಳತೆ ಅದೇ. ಬಿಲ್ಲಿನಿಂದಿಳಿದ ಗೊರವಪ್ಪನು ತನ್ನ ನುಡಿಗೆ ಟೀಕೆಯನ್ನು ಬರೆಯುವುದಿಲ್ಲ. ಅರ್ಥದ ಹೊಣೆಯನ್ನು ಕೇಳಿದವರಿಗೆ ಬಿಡುತ್ತಾನೆ. ಪುಟವನ್ನು ತೆರೆದ ಉಪಾಧ್ಯಾಯನೂ ಅಷ್ಟು ಮಾಡಿದರೆ ಸಾಕು.