ಫುಲ್ ಸ್ಕ್ರೀನ್ ಸರಿ, ಯಾವ ಸ್ಕ್ರೀನ್?

ದಿನಾ ಒತ್ತುವ, ಆದರೆ ಮಾಡಿದವರು ಸರಿಯಾಗಿ ಯೋಚನೆ ಮಾಡದೇ ಬಿಟ್ಟ ಬಟನ್ ಯಾವುದು ಅಂತ ಕೇಳಿದರೆ ನಾನು ಫುಲ್ ಸ್ಕ್ರೀನ್ ಬಟನ್ ಕಡೆ ಕೈ ತೋರಿಸ್ತೀನಿ. ಮಾನಿಟರ್ ಒಂದೇ ಇದ್ದಾಗ ಅದರ ಕೆಲಸದಲ್ಲಿ ಗೊಂದಲವೇ ಇಲ್ಲ. ಲ್ಯಾಪ್‌ಟಾಪ್ ಪಕ್ಕ ಇನ್ನೊಂದು ಮಾನಿಟರ್ ಬಂತು ಅಂದರೆ ಶುರು. ಎಡಗಡೆ ಬೇಕಾದದ್ದು ಬಲಗಡೆ ತೆರೆದುಕೊಳ್ಳುತ್ತೆ, ಪಕ್ಕದ ಪರದೆ ಕಪ್ಪಾಗುತ್ತೆ, ಆಚೆ ಒಂದು ಕ್ಲಿಕ್ ಮಾಡಿದರೆ ಈಚೆ ಇದ್ದದ್ದು ಮಾಯ. ಬಹಳ ಜನ "ನಂಗೇ ಸರಿಯಾಗಿ ಗೊತ್ತಾಗಲ್ಲ" ಅಂತ ಸುಮ್ಮನಾಗಿಬಿಡ್ತಾರೆ. ತಪ್ಪು ಅವರದ್ದಲ್ಲ. ಪರದೆ ಒಂದೇ ಅಂತ ನಂಬಿ ಹುಟ್ಟಿದ ಕಲ್ಪನೆ ಇದು. ಆ ನಂಬಿಕೆಯನ್ನು ತಿದ್ದೋದು ಬಿಟ್ಟು ಕಂಪನಿಗಳು ತೇಪೆ ಹಾಕ್ತಾ ಬಂದಿವೆ.

ಎರಡನೇ ಪರದೆ ಏನು ನಿನ್ನೆ ಮೊನ್ನೆ ಬಂದದ್ದಲ್ಲ. 1987ರ ಮ್ಯಾಕಿಂಟೋಷ್ 2ಕ್ಕೆ ಒಂದಕ್ಕಿಂತ ಹೆಚ್ಚು ಮಾನಿಟರ್ ಜೋಡಿಸಬಹುದಿತ್ತು. ವಿಂಡೋಸ್ 98ರಲ್ಲೂ ಆ ಸೌಲಭ್ಯ ಇತ್ತು. ಹಾಗಿದ್ದೂ 2011ರಲ್ಲಿ ಆಪಲ್ ತನ್ನ ಲಯನ್‌ನಲ್ಲಿ ಹೊಸ ಫುಲ್ ಸ್ಕ್ರೀನ್ ತಂದಾಗ ಏನಾಯ್ತು? ಒಂದು ಪರದೆ ತುಂಬಾ ಆ್ಯಪ್, ಇನ್ನೊಂದು ಪರದೆ ತುಂಬಾ ಬೂದು ಬಣ್ಣದ ಬಟ್ಟೆಯ ಚಿತ್ರ. ದುಡ್ಡು ಕೊಟ್ಟು ತಂದ ಎರಡನೇ ಮಾನಿಟರ್ ಬರೀ ಪರದೆ ಬಟ್ಟೆ! ಸರಿಪಡಿಸೋಕೆ 2013ರ ಮ್ಯಾವೆರಿಕ್ಸ್ ಬರಬೇಕಾಯ್ತು. ಪ್ರತಿ ಪರದೆಗೂ ಬೇರೆ ಬೇರೆ ಜಾಗ ಅಂತ ಮಾಡಿದರು. ನಮ್ಮ ಕಡೆ ಅಣ್ಣತಮ್ಮಂದಿರು ಜಮೀನು ಪಾಲು ಮಾಡ್ಕೊಂಡ ಹಾಗೆ: ಜಗಳ ನಿಂತಿತು, ಮಧ್ಯೆ ಬದು ಬಿತ್ತು. ಅಲ್ಲಿಂದ ಒಂದೇ ಕಿಟಕಿಯನ್ನು ಎರಡೂ ಪರದೆಗೆ ಹರಡೋ ಹಾಗಿಲ್ಲ. ಹರಡಲೇಬೇಕು ಅಂದರೆ ಸೆಟ್ಟಿಂಗ್ಸ್‌ನ 'ಡೆಸ್ಕ್‌ಟಾಪ್ ಆ್ಯಂಡ್ ಡಾಕ್' ಒಳಗೆ ಹೋಗಿ 'ಡಿಸ್‌ಪ್ಲೇಸ್ ಹ್ಯಾವ್ ಸೆಪರೇಟ್ ಸ್ಪೇಸಸ್' ಅನ್ನೋದನ್ನ ಆಫ್ ಮಾಡಿ, ಲಾಗೌಟ್ ಆಗಿ ವಾಪಸ್ ಬರಬೇಕು. ಆಗ ಫುಲ್ ಸ್ಕ್ರೀನ್ ಮಾಡಿದರೆ ಪಕ್ಕದ ಪರದೆ ಮತ್ತೆ ಕಪ್ಪು. ಎರಡೂ ಒಟ್ಟಿಗೆ ಸಿಗಲ್ಲ.

ವಿಂಡೋಸ್ ಕಥೆ ಬೇರೆ ಥರ. ಹಳೇ ಶೈಲಿಯ ಗೇಮ್‌ಗಳು ಫುಲ್ ಸ್ಕ್ರೀನ್ ಆದಾಗ ಡಿಸ್‌ಪ್ಲೇಯನ್ನೇ ವಶಕ್ಕೆ ತಗೊಳ್ತವೆ. ಪಕ್ಕದ ಪರದೆಯಲ್ಲಿ ಚಾಟ್ ಮೇಲೆ ಕ್ಲಿಕ್ ಮಾಡಿದಿರೋ, ಹಿಡಿತ ತಪ್ಪಿ ಗೇಮ್ ಮಿನಿಮೈಸ್. ಗೇಮ್ ಸೆಟ್ಟಿಂಗ್‌ನಲ್ಲಿ 'ಬಾರ್ಡರ್‌ಲೆಸ್' ಆರಿಸಿದರೆ ಈ ಕಾಟ ತಪ್ಪುತ್ತೆ. ಅಂದರೆ ಫುಲ್ ಸ್ಕ್ರೀನ್ ಸಮಸ್ಯೆಗೆ ಪರಿಹಾರ, ಫುಲ್ ಸ್ಕ್ರೀನ್ ಥರ ಕಾಣೋ ಮಾಮೂಲಿ ಕಿಟಕಿ. ಇದಕ್ಕಿಂತ ದೊಡ್ಡ ವಿಮರ್ಶೆ ನಾನೇನು ಬರೀಲಿ?

ಇನ್ನು ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ ಜೋಡಿಸಿದ ಮಾನಿಟರ್ ನಿದ್ದೆಗೆ ಜಾರಿದರೆ, ಅದನ್ನ ಕಿತ್ತೇ ಹಾಕಿದ್ದಾರೆ ಅಂತ ವಿಂಡೋಸ್ ತಿಳಿದು ಎಲ್ಲ ಕಿಟಕಿಗಳನ್ನೂ ಇನ್ನೊಂದು ಪರದೆಗೆ ಗುಡ್ಡೆ ಹಾಕ್ತಿತ್ತು. 2021ರ ವಿಂಡೋಸ್ 11ರಲ್ಲಿ, ಯಾವ ಮಾನಿಟರ್‌ನಲ್ಲಿ ಏನಿತ್ತು ಅಂತ ನೆನಪಿಟ್ಟುಕೊಳ್ಳೋ ಆಯ್ಕೆ ಬಂತು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ 'ಮಲ್ಟಿಪಲ್ ಡಿಸ್‌ಪ್ಲೇಸ್' ಕೆಳಗೆ ಅದು ಆನ್ ಇದೆಯಾ ನೋಡ್ಕೊಳ್ಳಿ. ಬ್ರೌಸರ್ ತಪ್ಪು ಪರದೆಯಲ್ಲಿ ಹಿಗ್ಗಿ ಕೂತಿದ್ದರೆ ಎಫ್11 ಒತ್ತಿ ಹೊರಗೆ ಬಂದು, ವಿಂಡೋಸ್ ಕೀ, ಶಿಫ್ಟ್ ಜೊತೆ ಬಾಣದ ಕೀ ಒತ್ತಿ. ಕಿಟಕಿ ಪಕ್ಕದ ಪರದೆಗೆ ಹಾರುತ್ತೆ. ಆಮೇಲೆ ಮತ್ತೆ ಎಫ್11.

ಇವೆಲ್ಲ ಕಿರಿಕಿರಿ ಅಷ್ಟೇ. ಮಾನ ಹೋಗೋದು ಪವರ್‌ಪಾಯಿಂಟ್‌ನಲ್ಲಿ. ಎರಡು ಪರದೆ ಕಂಡರೆ ಅದು ಒಂದರಲ್ಲಿ ಸ್ಲೈಡ್, ಇನ್ನೊಂದರಲ್ಲಿ ನಿಮ್ಮ ಖಾಸಗಿ ಟಿಪ್ಪಣಿ ತೋರಿಸುತ್ತೆ. ಮಾನಿಟರ್ ಆಯ್ಕೆಯನ್ನು 'ಆಟೋಮ್ಯಾಟಿಕ್' ಅಂತ ಬಿಟ್ಟರೆ ಯಾವುದು ಸಭೆಗೆ, ಯಾವುದು ನಿಮಗೆ ಅಂತ ಅದೇ ತೀರ್ಮಾನ ಮಾಡುತ್ತೆ. ಎದುರಿಗೆ ಪ್ರೊಜೆಕ್ಟರ್ ಇದ್ದ ಕಾಲಕ್ಕೆ ಈ ಊಹೆ ಸರಿ. ಈಗ ನಾವು ಮನೆಯಲ್ಲಿ ಎರಡು ಪರದೆ ಇಟ್ಕೊಂಡು ಒಂದನ್ನ ಕಾಲ್‌ನಲ್ಲಿ ಶೇರ್ ಮಾಡ್ತೀವಿ. ಊಹೆ ತಪ್ಪಿತು ಅಂದ್ಕೊಳ್ಳಿ, "ಕ್ಲೈಂಟ್ ಬೆಲೆ ಕೇಳಿದರೆ ಮಾತು ಬದಲಿಸು" ಅಂತ ಬರೆದಿಟ್ಟ ಸಾಲು ಕ್ಲೈಂಟ್ ಮುಂದೆಯೇ ತೆರೆದುಕೊಳ್ಳುತ್ತೆ. ಆದ್ದರಿಂದ ಮೀಟಿಂಗ್‌ಗೆ ಮುಂಚೆ 'ಸ್ಲೈಡ್ ಶೋ' ಟ್ಯಾಬ್‌ನಲ್ಲಿ ಮಾನಿಟರ್ ಹೆಸರನ್ನ ನೀವೇ ಆರಿಸಿ, ಒಂದು ಸಲ ಓಡಿಸಿ ನೋಡಿ.

ಕೇಳೋದು ಅಷ್ಟು ಕಷ್ಟವಾ? ಅಲ್ಲ ಅನ್ನೋದಕ್ಕೆ ಸಾಕ್ಷಿ ಇದೆ. ಉಚಿತವಾಗಿ ಸಿಗೋ ಓಬಿಎಸ್ ಸ್ಟುಡಿಯೋದಲ್ಲಿ 'ಫುಲ್‌ಸ್ಕ್ರೀನ್ ಪ್ರೊಜೆಕ್ಟರ್' ಅಂದರೆ, ಜೋಡಿಸಿರೋ ಮಾನಿಟರ್‌ಗಳ ಪಟ್ಟಿ ತೆರೆದು ಯಾವುದು ಬೇಕು ಅಂತ ಕೇಳುತ್ತೆ. 2022ರ ಕ್ರೋಮ್ 100ರಿಂದ, ಬಳಸೋರ ಒಪ್ಪಿಗೆ ಪಡೆದು ಇಂಥದ್ದೇ ಪರದೆಯಲ್ಲಿ ಹಿಗ್ಗೋ ಅವಕಾಶ ವೆಬ್ ಪುಟಗಳಿಗೂ ಇದೆ. ದಾರಿ ಇದೆ, ನಡೆಯೋರು ಕಡಿಮೆ.

ಮದುವೆ ಊಟದಲ್ಲಿ ಬಡಿಸೋರು ಕೂಡ ಎಲೆ ಮುಂದೆ ಬಗ್ಗಿ "ಹಾಕ್ಲಾ?" ಅಂತ ಕೇಳ್ತಾರೆ. ಫುಲ್ ಸ್ಕ್ರೀನ್ ಬಟನ್ ಬರೆಯೋ ನಮ್ಮಂಥ ಎಂಜಿನಿಯರ್‌ಗಳು ಮಾಡಬೇಕಾದ್ದು ಅಷ್ಟೇ. ಪರದೆ ಎರಡಿದ್ದರೆ ಒಂದು ಸಲ ಕೇಳಿ, ಹೇಳಿದ್ದನ್ನ ನೆನಪಿಟ್ಕೊಳ್ಳಿ. ನಿಮ್ಮ ಮುಂದಿನ ರಿಲೀಸ್‌ಗೆ ಆ ಒಂದು ಟಿಕೆಟ್ ಸೇರಿಸಿ ಸ್ವಾಮಿ.