ಒಂದೇ ಗುಂಡಿನ ರೈಫಲ್‌ನ ಹೊಸ ಅವತಾರ

ನಿಮ್ಮಲ್ಲಿ ಎನ್‌ಸಿಸಿ ಮಾಡಿದವರಿಗೆ ಇದು ನೆನಪಿರಬಹುದು. ಕ್ಯಾಂಪಿನಲ್ಲಿ ಫೈರಿಂಗ್ ದಿನ ಹೊಟ್ಟೆ ಅಡಿಯಾಗಿ ಮಲಗಿಸಿ ಕೈಗೆ ಪಾಯಿಂಟ್ ಟೂ ಟೂ ರೈಫಲ್ ಕೊಡ್ತಿದ್ರು. ಎದುರಿಗೆ 25 ಗಜ ದೂರದಲ್ಲಿ ಟಾರ್ಗೆಟ್. ಒಬ್ಬೊಬ್ಬರಿಗೆ ಐದೇ ಗುಂಡು. ನಮ್ಮ ಬ್ಯಾಚಿಗೆ ಸಿಕ್ಕಿದ್ದು ನಂಬರ್ 2 ಮಾರ್ಕ್ 4 ಅನ್ನೋ ಹಳೇ ರೈಫಲ್. ಪ್ರತಿ ಸಲ ಬೋಲ್ಟ್ ಎಳೆದು ಒಂದೊಂದೇ ಗುಂಡನ್ನು ಕೈಯಿಂದ ತುಂಬಬೇಕು. ಮುಗಿದ ಮೇಲೆ ಉಸ್ತಾದ್ ಖಾಲಿ ಖೋಕಾ ಎಣಿಸ್ತಿದ್ರು. ಒಂದು ಕಮ್ಮಿ ಇದ್ರೂ ಹುಲ್ಲಲ್ಲಿ ಹುಡುಕಿ ಕೊಡೋ ತನಕ ಯಾರೂ ಊಟಕ್ಕೆ ಹೋಗೋ ಹಾಗಿರ್ಲಿಲ್ಲ.

ಆ ರೈಫಲ್ಲೇ ಒಂದು ಥರದ ನಕಲು ಅಂತ ನನಗೆ ಆಮೇಲೆ ಗೊತ್ತಾಯ್ತು. ಸೈನ್ಯದ ಲೀ-ಎನ್‌ಫೀಲ್ಡ್ ರೈಫಲನ್ನೇ .22 ಗುಂಡಿಗೆ ಬದಲಾಯಿಸಿ, ತರಬೇತಿಗೆ ಅಂತ ಒಂದೇ ಗುಂಡಿನದಾಗಿ ಮಾಡಿದ್ದು. ಹಿಡಿಯೋ ರೀತಿ ಅದೇ, ಬೋಲ್ಟ್ ಅದೇ, ಗುಂಡು ಮಾತ್ರ ಅಗ್ಗ. ಯಾಕೆ ನಕಲು ಮಾಡ್ತಿದ್ದೀವಿ ಅನ್ನೋದು ಮಾಡಿದವರಿಗೆ ಸ್ಪಷ್ಟ ಇತ್ತು. ಈಗ ಬರ್ತಿರೋ ನಕಲುಗಳ ಬಗ್ಗೆಯೂ ನಾನು ಕೇಳೋದು ಅದೊಂದೇ ಪ್ರಶ್ನೆ.

ಅಮೆರಿಕದಲ್ಲಿ ನೂರು ವರ್ಷದ ಹಿಂದಿನ ಪುಟ್ಟ ಸಿಂಗಲ್ ಶಾಟ್ ರೈಫಲ್‌ಗಳಿಗೆ ಮತ್ತೆ ಗಿರಾಕಿ ಇದ್ದಾರೆ. ಇವೆಲ್ಲ ರಿಮ್‌ಫೈರ್. ಅಂದ್ರೆ ಗುಂಡಿನ ತಳದ ಅಂಚಿನೊಳಗೇ ಸಿಡಿಯೋ ಮದ್ದು ಇರುತ್ತೆ, ಪಿನ್ ಬಂದು ಆ ಅಂಚನ್ನು ಜಜ್ಜುತ್ತೆ. ಅಂಚು ಜಜ್ಜುವಷ್ಟು ತೆಳ್ಳಗಿರಬೇಕಾದ್ದರಿಂದ ಒಳಗಿನ ಒತ್ತಡ ಜಾಸ್ತಿ ಇಡೋಕಾಗಲ್ಲ. ಹಾಗಾಗಿಯೇ ರೈಫಲ್ಲೂ ಹಗುರ, ಅಗ್ಗ. .22 ಶಾರ್ಟ್ ಬಂದಿದ್ದು 1857ರಲ್ಲಿ. ಇವತ್ತಿಗೂ ಚಾಲ್ತಿಯಲ್ಲಿರೋ .22 ಲಾಂಗ್ ರೈಫಲ್ ಗುಂಡನ್ನು ಸ್ಟೀವನ್ಸ್ ಕಂಪನಿ 1887ರಲ್ಲಿ ತಂತು. ಅದೇ ಸ್ಟೀವನ್ಸ್ 1890ರ ದಶಕದಲ್ಲಿ ಹುಡುಗರ ಕೈಗೆ ಕೊಟ್ಟ ರೈಫಲ್ 'ಫೇವರಿಟ್'.

ಕೆಲ ವರ್ಷದ ಹಿಂದೆ ಆನ್‌ಸೈಟ್ ಅಂತ ಪೆನ್ಸಿಲ್ವೇನಿಯಾದಲ್ಲಿದ್ದಾಗ ಸಹೋದ್ಯೋಗಿಯೊಬ್ಬ ತನ್ನ ಅಜ್ಜನ ಹಳೇ ಫೇವರಿಟ್, ಜತೆಗೆ ಮಗಳಿಗೆ ಅಂತ ಕೊಂಡ ಹೊಸ ಫೇವರಿಟ್ ಎರಡನ್ನೂ ರೇಂಜಿಗೆ ತಂದಿದ್ದ. ವರ್ಕ್ ವೀಸಾದವರು ಅಲ್ಲಿ ಬಂದೂಕು ಹಿಡಿಯೋದಕ್ಕೆ ಹಂಟಿಂಗ್ ಲೈಸೆನ್ಸಿನಂಥ ವಿನಾಯಿತಿ ಬೇಕು. ನನ್ನ ಹತ್ರ ಇರ್ಲಿಲ್ಲ. ಸುಮ್ಮನೆ ಹಿಂದೆ ನಿಂತು ನೋಡಿದೆ.

ಸ್ಟೀವನ್ಸ್ 1920ರಲ್ಲಿ ಸ್ಯಾವೇಜ್ ಕಂಪನಿಯ ಪಾಲಾಯ್ತು. 1930ರ ದಶಕದಲ್ಲಿ ನಿಂತಿದ್ದ ಫೇವರಿಟ್‌ಗೆ 1990ರ ದಶಕದ ಕೊನೆಗೆ ಮತ್ತೆ ಜೀವ ಕೊಟ್ಟಿದ್ದು ಸ್ಯಾವೇಜೇ. ಹಳೇದು ಚಂದ ಅಂತ ಅಷ್ಟಕ್ಕೇ ಅದನ್ನೇ ಬಳಸಿ ಅನ್ನೋಕಾಗಲ್ಲ. ಅದರ ಕಬ್ಬಿಣ ಆ ಕಾಲದ ಮೆದು ಗುಂಡಿಗೆ ಮಾಡಿದ್ದು. ಇವತ್ತಿನ ಹೈ ವೆಲಾಸಿಟಿ ಗುಂಡು ಅದಕ್ಕೆ ಒಳ್ಳೇದಲ್ಲ. ಹೊಸದರ ಉಕ್ಕು ಅದನ್ನು ತಡೆಯುತ್ತೆ. ಇದು ಒಂದು ನಕಲು ಹುಟ್ಟೋಕೆ ನ್ಯಾಯವಾದ ಕಾರಣ. ಲಿವರ್ ಕೆಳಗೆ ತಳ್ಳಿ, ಗುಂಡು ಇಟ್ಟು, ಮೇಲೆತ್ತಿ, ಆಮೇಲೆ ಹ್ಯಾಮರನ್ನು ಹೆಬ್ಬೆರಳಲ್ಲಿ ಎಳೀಬೇಕು. ಆ ಕ್ರಮವನ್ನೂ ಉಳಿಸಿಕೊಂಡಿದ್ದಾರೆ. ಕಳೆದುಕೊಂಡಿದ್ದು ಅಂದ್ರೆ, ಹಳೇ ಫೇವರಿಟ್‌ನಲ್ಲಿ ಅಡಿಯ ಒಂದು ಸ್ಕ್ರೂವನ್ನು ಕೈಯಲ್ಲೇ ತಿರುಗಿಸಿ ನಳಿಗೆ ಬಿಚ್ಚಿ ಚೀಲಕ್ಕೆ ಹಾಕಬಹುದಿತ್ತು. ಹೊಸದರ ಸಾಮಾನ್ಯ ಮಾದರಿಯಲ್ಲಿ ಅದಿಲ್ಲ. ಬಿಚ್ಚೋ ಸೌಕರ್ಯ ಬೇಕಾದವರಿಗೆ ಬೇರೆ ಮಾದರಿ. ಮೂಲದಲ್ಲಿ ಎಲ್ಲರಿಗೂ ಸಿಕ್ಕಿದ್ದ ಫೀಚರನ್ನು ಪ್ರೀಮಿಯಂ ಪ್ಲಾನಿಗೆ ಹಾಕೋ ಅಭ್ಯಾಸ ನಮ್ಮ ಸಾಫ್ಟ್‌ವೇರಿನವರದ್ದು ಮಾತ್ರ ಅಂದ್ಕೊಂಡಿದ್ದೆ.

ಇನ್ನೊಂದು, ವಿಂಚೆಸ್ಟರ್ 1885 'ಲೋ ವಾಲ್'. ಜಾನ್ ಬ್ರೌನಿಂಗ್ ವಿನ್ಯಾಸ. ಹೊಸದನ್ನು ಮಾಡಿದ್ದು ಜಪಾನಿನ ಮಿರೋಕು ಕಾರ್ಖಾನೆ. ಕೆಲಸದ ನಯದಲ್ಲಿ ಫೇವರಿಟ್ ಇದರ ಹತ್ತಿರಕ್ಕೂ ಬರಲ್ಲ. ಮರಕ್ಕೂ ಕಬ್ಬಿಣಕ್ಕೂ ನಡುವೆ ಉಗುರು ತೂರಲ್ಲ. ಆದರೆ ಬೆಲೆಯೂ ಹಾಗೇ. ಕೊಂಡವರು ಗೀರು ಬೀಳುತ್ತೆ ಅಂತ ಹೊರಗೇ ತೆಗೆಯಲ್ಲ. ಅಳಿಲು, ಮೊಲ, ತಗಡಿನ ಡಬ್ಬಿಗೆ ಅಂತ ಇದ್ದ ಗುಂಡಿನ ರೈಫಲ್ ಗಾಜಿನ ಕಪಾಟು ಸೇರಿದ್ರೆ, ರೂಪವೊಂದನ್ನು ಬಿಟ್ಟು ಇನ್ನೇನೂ ನಕಲಾಗಿಲ್ಲ ಅಂತಲೇ ಅರ್ಥ.

ಮೂರನೇದು ರೂಪದಲ್ಲಿ ಯಾವ ಹಳೇ ರೈಫಲ್ಲಿನ ನಕಲೂ ಅಲ್ಲ, ಆದರೂ ವಂಶ ಅದೇ. ಪೆನ್ಸಿಲ್ವೇನಿಯಾದ ಕೀಸ್ಟೋನ್ ಕಂಪನಿಯ 'ಕ್ರಿಕೆಟ್'. ಆಟದ ಕ್ರಿಕೆಟ್ ಅಲ್ಲ, ಇದರ ಜಾಹೀರಾತಿನಲ್ಲಿ ಮಿಡತೆಯಂಥ ಒಂದು ಹುಳ ಇರುತ್ತೆ. ಮಕ್ಕಳ ಅಳತೆಯ ಬೋಲ್ಟ್ ರೈಫಲ್, ಗುಲಾಬಿ ಬಣ್ಣದಲ್ಲೂ ಸಿಗುತ್ತೆ. ಬೋಲ್ಟ್ ಮುಚ್ಚಿದ ಮೇಲೆ ಹಿಂದಿನ ಗುಬುಟನ್ನು ಬೇರೆಯಾಗಿ ಎಳೆದರೇನೇ ಹಾರೋಕೆ ಸಿದ್ಧ. 1900ರ ವಿಂಚೆಸ್ಟರ್ ಹುಡುಗರ ರೈಫಲ್‌ನಲ್ಲಿ ಬ್ರೌನಿಂಗ್ ಇಟ್ಟಿದ್ದ ಉಪಾಯವೂ ಇದೇ. ಯಂತ್ರದ ದೃಷ್ಟಿಯಿಂದ ಮೂರರಲ್ಲಿ ಹೆಚ್ಚು ತಡೆಗಳಿರೋದು ಇದರಲ್ಲೇ.

2013ರ ಏಪ್ರಿಲ್‌ನಲ್ಲಿ ಕೆಂಟಕಿಯ ಒಂದು ಮನೆಯಲ್ಲಿ ಐದು ವರ್ಷದ ಹುಡುಗನ ಕೈಯಲ್ಲಿದ್ದ ಇಂಥದ್ದೇ ಕ್ರಿಕೆಟ್ ರೈಫಲ್‌ನಿಂದ ಗುಂಡು ಹಾರಿ ಅವನ ಎರಡು ವರ್ಷದ ತಂಗಿ ಸತ್ತಳು. ರೈಫಲ್ ಅವನಿಗೇ ಅಂತ ಕೊಟ್ಟಿದ್ದು, ಮನೆ ಮೂಲೆಯಲ್ಲಿತ್ತು. ಒಳಗೆ ಗುಂಡಿರೋದು ಯಾರಿಗೂ ಗೊತ್ತಿರ್ಲಿಲ್ಲ.

ಇದನ್ನು ಓದಿ 'ಹಳೇ ಕಾಲದಲ್ಲಿ ಹೀಗಿರಲಿಲ್ಲ' ಅನ್ನೋದು ಸುಲಭ. ಅದೂ ಸುಳ್ಳೇ. ಸ್ಟೀವನ್ಸ್ ಕೂಡ ಹುಡುಗರಿಗೇ ಜಾಹೀರಾತು ಕೊಟ್ಟು ಮಾರಿದ ಕಂಪನಿ. ಮಕ್ಕಳನ್ನು ಗಿರಾಕಿ ಮಾಡೋದು ಆಗಿಂದಲೂ ಇದ್ದಿದ್ದೇ, ಹೊಸಬರು ಅದನ್ನೂ ನಿಷ್ಠೆಯಿಂದ ನಕಲು ಮಾಡಿದ್ದಾರೆ ಅಷ್ಟೇ. ವಿಮರ್ಶೆ ಬರೆಯೋರು ಆಕ್ಟೊಗನ್ ನಳಿಗೆ, ವಾಲ್‌ನಟ್ ಮರದ ಬಗ್ಗೆ ಪುಟಗಟ್ಟಲೆ ಬರೀತಾರೆ. ಪಕ್ಕದಲ್ಲಿ ನಿಲ್ಲೋರು ಯಾರು ಅಂತ ಕೇಳಲ್ಲ. ಒಂದೇ ಗುಂಡು ಅನ್ನೋದು ನಿಧಾನ ಕಲಿಸುತ್ತೆ ನಿಜ, ಆದರೆ ಅದು ತಾನಾಗೇ ಕಲಿಸಲ್ಲ. ನಮ್ಮ ಮಾರ್ಕ್ 4 ನಮ್ಮನ್ನು ಕಾಪಾಡಿದ್ದು ಅದರ ಬೋಲ್ಟಿನಿಂದಷ್ಟೇ ಅಲ್ಲ. ಗುಂಡು ಎಣಿಸಿ ಕೊಟ್ಟು ಖೋಕಾ ಎಣಿಸಿ ವಾಪಸ್ ತಗೊಳ್ಳೋ ಒಬ್ಬ ಮನುಷ್ಯ ಅಲ್ಲಿದ್ದ.

ಹಾಗಾಗಿ ಮೂರರಲ್ಲಿ ನನ್ನ ಮತ ಹೊಸ ಫೇವರಿಟ್‌ಗೆ, ಒಂದು ಷರತ್ತಿನ ಮೇಲೆ. ಆ ದಿನ ರೇಂಜಿನಲ್ಲಿ ಗೆಳೆಯನ ಮಗಳು ಮೊದಲ ಗುಂಡು ಹೊಡೆದು, ಖುಷಿಯಲ್ಲಿ ಇನ್ನೊಂದು ಕೇಳಿದಳು. ಅವನು ಗುಂಡಿನ ಡಬ್ಬಿಯನ್ನು ತನ್ನ ಜೇಬಲ್ಲೇ ಇಟ್ಕೊಂಡಿದ್ದ. ಲಿವರ್ ಇಳಿಸು ಅಂದ. ಬಿಸಿ ಖೋಕಾ ಈಚೆ ಬಂತು. ಅದನ್ನು ಅಂಗೈಗೆ ಹಾಕಿಸಿಕೊಂಡ ಮೇಲೇ ಎರಡನೇ ಗುಂಡು ಕೊಟ್ಟ.